ಮಧ್ಯದ ಮುಖ ಕಂಡೂ ಕಾಣದಂತೆ

ನನ್ನ ಅಣ್ಣನ ಕಣ್ಣಿನ ವಿಷಯ ಮೊದಲು ಬಯಲಾದದ್ದು ಡಾಕ್ಟರ ಮುಂದಲ್ಲ, ಒಂದು ವಿಡಿಯೋ ಗೇಮಿನ ಮುಂದೆ. ಅದನ್ನು ಮೊದಲು ನೋಡಿದವಳು ನಾನೇ. ನೋಡಿ, ಅವನನ್ನು ಮೋಸಗಾರ ಎಂದು ಕರೆದೆ.

ಎರಡು ಸಾವಿರದ ಈಚಿನ ಮೊದಲ ವರ್ಷಗಳು. ದೆಹಲಿಯ ಮಯೂರ್ ವಿಹಾರದಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ನನಗೆ ಹದಿಮೂರು, ಅಣ್ಣನಿಗೆ ಹದಿನಾರು. ಮೇ ತಿಂಗಳ ರಜೆಯಲ್ಲಿ ಹೊರಗೆ ಬಿಸಿಗಾಳಿ, ಒಳಗೆ ಗಡಗಡ ಎನ್ನುವ ಕೂಲರ್, ಎಳೆದ ಪರದೆಗಳು, ಮೂಲೆಯಲ್ಲಿ ದಪ್ಪ ಬೆನ್ನಿನ ಮಾನಿಟರ್. ಊಟವಾದ ಮೇಲೆ ಅಮ್ಮ ಮಲಗುತ್ತಿದ್ದಳು. ನಾವಿಬ್ಬರೂ ಒಂದೇ ಕುರ್ಚಿಗೆ ಜಗಳವಾಡುತ್ತಿದ್ದೆವು.

ಪಾಳುಬಿದ್ದ ಗಣಿಯೊಂದರಲ್ಲಿ ಟಾರ್ಚು ಹಿಡಿದು ನಡೆಯುವ ಆಟ ಅದು. ಕತ್ತಲಲ್ಲಿ ಏನೇನೋ ನಿಂತಿರುತ್ತಿದ್ದವು. ಸತ್ತವರು ಕುರ್ಚಿ ಬಿಡಬೇಕು ಎನ್ನುವುದು ನಮ್ಮ ಕಾನೂನು. ಶುರುವಿನಲ್ಲೇ ಪರದೆಯ ಮೇಲೆ ಮೂರು ಮುಖಗಳು ಬರುತ್ತಿದ್ದವು. ಎಡಗಡೆಯದು ಕಾಣಬಾರದು, ಮಧ್ಯದ್ದು ಕಂಡೂ ಕಾಣದಂತಿರಬೇಕು, ಬಲಗಡೆಯದು ಚೆನ್ನಾಗಿ ಕಾಣಬೇಕು, ಹಾಗೆ ಬೆಳಕನ್ನು ಹೊಂದಿಸಿಕೊಳ್ಳಿ ಎಂಬ ಸೂಚನೆ. ಕೆಳಗೆ ಹತ್ತು ಗೆರೆಗಳ ಒಂದು ಪಟ್ಟಿ.

ನಾನು ಮೂರನೇ ಗೆರೆಗೆ ನಿಲ್ಲಿಸುತ್ತಿದ್ದೆ. ಅಣ್ಣ ಎಂಟಕ್ಕೆ ಏರಿಸುತ್ತಿದ್ದ. ಎಂಟರಲ್ಲಿ ಆ ಗಣಿ ಗಣಿಯಾಗಿ ಉಳಿಯುತ್ತಲೇ ಇರಲಿಲ್ಲ, ಸುಣ್ಣ ಬಳಿದ ಗೋಡೌನಿನಂತೆ ಕಾಣುತ್ತಿತ್ತು. ಅಡಗಿದ್ದವೆಲ್ಲ ಸಾಲಾಗಿ ಎದ್ದು ಕಾಣುತ್ತಿದ್ದವು. ಇದು ಮೋಸವಲ್ಲದೆ ಇನ್ನೇನು ಎಂದು ನಾನು ಕೂಗಾಡುತ್ತಿದ್ದೆ. ಎಂಟಕ್ಕೇ ತನಗೆ ಮಧ್ಯದ ಮುಖ ಕಾಣಲು ಶುರುವಾಗುವುದು ಎಂದು ಅವನು ಹೇಳುತ್ತಿದ್ದ. ನನಗೆ ಬಾಯಿ ಜೋರು, ಅವನು ಸಾಧು. ಜಗಳದಲ್ಲಿ ಗೆಲ್ಲುತ್ತಿದ್ದವಳು ನಾನೇ. ಮೂರನೇ ಗೆರೆಯಲ್ಲಿ ಆಡಿದರೆ ಅವನು ಎರಡು ನಿಮಿಷ ಬದುಕುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಹೆಚ್ಚು ಹೊತ್ತು ಕುರ್ಚಿ ನನ್ನದೇ ಆಗಿತ್ತು, ಅದಕ್ಕೆ ನಾನು ಹೆಮ್ಮೆಪಟ್ಟುಕೊಂಡೆ.

ಈಗ ಯೋಚಿಸಿದರೆ ಸುಳಿವು ಮನೆ ತುಂಬ ಬಿದ್ದಿತ್ತು. ಕರೆಂಟು ಹೋದರೆ ಅವನು ಕೂತಲ್ಲಿಂದ ಏಳುತ್ತಿರಲಿಲ್ಲ. ಸಿನಿಮಾ ಹಾಲಿನಲ್ಲಿ ಕಂಡವರ ಕಾಲನ್ನೆಲ್ಲ ತುಳಿದು ಬೈಸಿಕೊಳ್ಳುತ್ತಿದ್ದ. ಮೆಟ್ಟಿಲಿಳಿಯುವಾಗ ನನ್ನ ಭುಜದ ಮೇಲೆ ಕೈಯಿಡುತ್ತಿದ್ದ. ಅದು ಪ್ರೀತಿ ಎಂದು ಅಮ್ಮ ತಿಳಿದಿದ್ದಳು, ಕಿರಿಕಿರಿ ಎಂದು ನಾನು ಕೈ ಕೊಡವುತ್ತಿದ್ದೆ.

ಒಂದು ಭಾನುವಾರ ನಾನು ಅಪ್ಪನಿಗೆ ದೂರು ಕೊಟ್ಟೆ. ಬೆಳಕು ಏರಿಸಿದರೆ ಪಿಕ್ಚರ್ ಟ್ಯೂಬ್ ಬೇಗ ಹಾಳಾಗುತ್ತದೆ ಎಂದು ಅಪ್ಪನ ನಂಬಿಕೆ, ಹಾಗಾಗಿ ನ್ಯಾಯ ನನ್ನ ಕಡೆಗೇ ಆಗುತ್ತದೆಂದು ಗೊತ್ತಿತ್ತು. ಅಪ್ಪ ಕುರ್ಚಿಯಲ್ಲಿ ಕೂತು ಕನ್ನಡಕ ಸರಿಮಾಡಿಕೊಂಡ. ನಾಲ್ಕನೇ ಗೆರೆಗೆ ಇಟ್ಟು, ಎರಡು ಮುಖ ಕಾಣುತ್ತವೆ ಎಂದ. ನಾನೂ ಎರಡೇ ಎಂದೆ. ಅಣ್ಣ ಒಂದು ಎಂದ. ಐದು, ಆರು, ಏಳು. ಏಳರಲ್ಲಿ ನಮಗಿಬ್ಬರಿಗೂ ಮೂರೂ ಮುಖಗಳು ಕಾಣುತ್ತಿದ್ದವು. ಅಣ್ಣ ಇನ್ನೂ ಒಂದೇ ಎಂದ.

ಅಪ್ಪ ಬೈಯಲಿಲ್ಲ. ಮಾನಿಟರ್ ಆರಿಸಿ, ಪರದೆಗಳನ್ನು ಬಿಗಿಯಾಗಿ ಎಳೆದು, ಕೋಣೆಯ ಬಾಗಿಲು ಮುಚ್ಚಿದ. ಆ ಮಬ್ಬಿನಲ್ಲಿ ಕೈಯೆತ್ತಿ ಎಷ್ಟು ಬೆರಳು ಎಂದು ಕೇಳಿದ. ನನಗೆ ಮೂರು ಬೆರಳು ಕಾಣುತ್ತಿದ್ದವು. ಅಣ್ಣ ಕೇಳಿದ ಪ್ರಶ್ನೆ ಇಂದಿಗೂ ನನ್ನನ್ನು ಕೊರೆಯುತ್ತದೆ.

"ಅಪ್ಪಾ, ಎಲ್ಲಿ ನಿಂತಿದೀಯ?"

ಡಿಸ್ಪೆನ್ಸರಿಯಿಂದ ಚೀಟಿ ಬರೆಸಿಕೊಂಡು ದೊಡ್ಡಾಸ್ಪತ್ರೆಗೆ ಹೋದೆವು. ಮನೆಯಲ್ಲಿ ಒಬ್ಬಳೇ ಇರಬೇಡವೆಂದು ನನ್ನನ್ನೂ ಕರೆದೊಯ್ದರು. ಕಣ್ಣಿಗೆ ಔಷಧಿ ಹಾಕಿ, ಕತ್ತಲೆಕೋಣೆಯಲ್ಲಿ ಕೂರಿಸಿ, ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ನಮ್ಮೆಲ್ಲರನ್ನೂ ಒಳಗೆ ಕರೆದರು. ಪೆನ್ನಿನ ಮುಚ್ಚಳ ತೆಗೆದು, ಮದುವೆಗೆ ಮುಂಚೆ ನಿಮ್ಮಿಬ್ಬರಿಗೆ ಏನಾದರೂ ಸಂಬಂಧವಿತ್ತೇ ಎಂದು ಹಿಂದಿಯಲ್ಲಿ ಕೇಳಿದರು.

"ನಹೀಂ" ಎಂದ ಅಪ್ಪ.

ಅದು ಸುಳ್ಳು. ಆದರೆ ಅಪ್ಪ ಯೋಚಿಸಿ ಹೇಳಿದ ಸುಳ್ಳಲ್ಲ, ಬಾಯಿಗೆ ಅಭ್ಯಾಸವಾಗಿದ್ದ ಸುಳ್ಳು. ಅಮ್ಮನ ತಾಯಿ ಅಪ್ಪನ ಸ್ವಂತ ಅಕ್ಕ. ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವುದು ಹೊಸದೇನಲ್ಲ, ಮನೆಯ ಹುಡುಗಿ ಮನೆಯಲ್ಲೇ ಉಳಿದಳೆಂದು ಎಲ್ಲರೂ ಸಂತೋಷಪಡುತ್ತಾರೆ. ದೆಹಲಿಯಲ್ಲಿ ಹಾಗಲ್ಲ. ನಾನು ಮೂರನೇ ಕ್ಲಾಸಿನಲ್ಲಿ ಈ ವಿಷಯ ಬಾಯಿಬಿಟ್ಟು, ಪಕ್ಕದ ಮನೆಯ ಆಂಟಿ ವಾರಗಟ್ಟಲೆ ಅಮ್ಮನನ್ನು ವಿಚಿತ್ರವಾಗಿ ನೋಡಿದ ಮೇಲೆ, ಇದನ್ನು ಯಾರಿಗೂ ಹೇಳಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು. ಅಲ್ಲಿಯವರೆಗೆ ಅಪ್ಪನನ್ನು ಮಾಮ ಎಂದೇ ಕರೆಯುತ್ತಿದ್ದ ಅಮ್ಮ, ಅಂದಿನಿಂದ ಮನೆಯೊಳಗೂ ರೀ ಎನ್ನತೊಡಗಿದ್ದಳು.

ಡಾಕ್ಟರಮ್ಮ ಅಪ್ಪನ ಉತ್ತರವನ್ನು ಬರೆದುಕೊಳ್ಳುತ್ತಿದ್ದರು. ಅಮ್ಮ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದವಳು ತಲೆಯೆತ್ತಿದಳು. ಅವಳ ಹಿಂದಿ ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡುವಷ್ಟೇ.

"ಮಾಮಾ ಹೈಂ. ಮೇರೇ ಸಗೇ ಮಾಮಾ" ಎಂದಳು, ನನ್ನ ಸ್ವಂತ ಸೋದರಮಾವ ಎಂದು.

ಪೆನ್ನು ನಿಂತಿತು. ಡಾಕ್ಟರಮ್ಮ ಮುಖದಲ್ಲಿ ಏನನ್ನೂ ತೋರಿಸಿಕೊಳ್ಳಲಿಲ್ಲ, ಅದಕ್ಕೆ ಅವರಿಗೆ ಪುಣ್ಯ ಬರಲಿ. ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ಇದು ಹುಟ್ಟಿನಿಂದ ಬಂದದ್ದು, ಹತ್ತಿರದ ರಕ್ತದಲ್ಲಿ ಮದುವೆಯಾದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು ಎಂದರು. ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಅಕ್ಕಪಕ್ಕದ್ದು. ಔಷಧಿ ಇಲ್ಲ. ಎಷ್ಟು ವರ್ಷ ಎಂದು ಅಪ್ಪ ಕೇಳಿದ್ದಕ್ಕೆ ಹೇಳಲಾಗುವುದಿಲ್ಲ ಎಂದರು. ನಂತರ ನನ್ನ ಕಡೆ ತಿರುಗಿದರು. ಇವಳನ್ನೂ ಪರೀಕ್ಷೆ ಮಾಡಬೇಕು, ಆದರೆ ಅದರ ಸರದಿ ದೀಪಾವಳಿ ಕಳೆದ ಮೇಲೆಯೇ ಸಿಗುವುದು ಎಂದರು.

ಆ ತಿಂಗಳುಗಳಲ್ಲಿ ಮನೆಯಲ್ಲಿ ಯಾರೂ ದನಿಯೇರಿಸಲಿಲ್ಲ. ಅಪ್ಪ ಹಾಲಿಗೆ ಇನ್ನೂ ಎರಡು ಟ್ಯೂಬ್‌ಲೈಟ್ ಹಾಕಿಸಿದ. ಗೇಮಿಗೆ ಯಾರ ಅಡ್ಡಿಯೂ ಇರಲಿಲ್ಲ. ಎಷ್ಟಾದರೂ ಏರಿಸಿಕೋ ಎಂದು ಅಪ್ಪನೇ ಅಣ್ಣನಿಗೆ ಹೇಳಿದ. ಸಂಜೆ ಅವನು ಆಡುತ್ತಿದ್ದ, ಆಮೇಲೆ ನಾನು. ನಾನು ಅವನಿಗೆ ಕ್ಷಮಿಸು ಎನ್ನಲಿಲ್ಲ. ಅನ್ನಬೇಕಿತ್ತು.

ನನ್ನ ಪರೀಕ್ಷೆಯ ದಿನ ಚಳಿ ಬಿದ್ದಿತ್ತು, ಹೊರಗೆ ಮಂಜು. ಅಪ್ಪ ಕೌಂಟರಿನ ಸಾಲಿನಲ್ಲಿದ್ದ. ಅಮ್ಮ ಎದುರಿನ ಬೆಂಚಿನಲ್ಲಿ ಕಣ್ಣುಮುಚ್ಚಿ ತುಟಿಯಲ್ಲೇ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದಳು. ಅಣ್ಣ ನನ್ನ ಪಕ್ಕ ಕೂತಿದ್ದ.

"ಹೆದರಬೇಡ ಕಣೇ. ನಿಂಗೇನೂ ಇಲ್ಲ, ನಂಗೊತ್ತು" ಎಂದ.

ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ದಿನಾ ನಾನು ಆಡಿ ಎದ್ದ ಮೇಲೆ ಅವನು ಹೋಗಿ ಬೆಳಕಿನ ಪಟ್ಟಿ ನೋಡುತ್ತಿದ್ದನಂತೆ. ಆರು ತಿಂಗಳಿಂದ, ಒಂದು ದಿನವೂ ಬಿಡದೆ. "ಮೂರರಲ್ಲೇ ಇದೆ. ಒಂದು ಗೆರೆನೂ ಏರಿಲ್ಲ" ಎಂದ. ಪರೀಕ್ಷೆಯಲ್ಲಿ ತಾನೇ ಪಾಸಾದವನಂತೆ ನಕ್ಕ.

ಸುಮ್ಮನಿರಬಹುದಿತ್ತು. ಆದರೆ ಅವನಿಗೆ ಹೇಳದೆ ಆ ಬಾಗಿಲೊಳಗೆ ಹೋಗುವುದು ನನ್ನಿಂದಾಗಲಿಲ್ಲ.

"ಕುರ್ಚಿ ಬಿಡೋ ಮುಂಚೆ ಮೂರಕ್ಕೆ ಇಳಿಸಿಡ್ತಿದ್ದೆ ಕಣೋ" ಎಂದೆ.

ಅವನು ನನ್ನ ಮುಖವನ್ನು ಹುಡುಕಿ ನೋಡಿದ. ಹಾಗೆ ಹುಡುಕಿ ನೋಡುವುದು ಅವನಿಗೆ ಆಗಲೇ ರೂಢಿಯಾಗಿತ್ತು.

"ಎಷ್ಟಕ್ಕೆ ಇಟ್ಕೊಂಡು ಆಡ್ತಿದ್ದೆ?"

"ಆರು" ಎಂದೆ.

ಒಳಗಿನಿಂದ ಕರೆದರು. ಎದ್ದೆ. ಅಣ್ಣ ನನ್ನ ಸ್ವೆಟರಿನ ತೋಳು ಹಿಡಿದೆಳೆದು, ಎದುರು ಬೆಂಚಿಗೆ ಕೇಳಿಸದಂತೆ ಕಿವಿಯಲ್ಲಿ ಹೇಳಿದ.

"ಅಮ್ಮನಿಗೆ ನೀನು ಹೇಳಬೇಡ. ಡಾಕ್ಟರೇ ಹೇಳಲಿ."