ಬೂಟಿಗೆಲ್ಲಿಯ ಮುಳ್ಳು?

ದೂರಿನ ಕಾಗದ ಹಿಡಿದು, ಒಂದು ತಂಡದ ಮ್ಯಾನೇಜರಾಗಿದ್ದ ನಾನು ರೆಫರಿಯ ಕಡೆಗೆ ಹೊರಟೇಬಿಟ್ಟಿದ್ದೆ. ಎಂಬತ್ತರ ದಶಕದಲ್ಲಿ ಕಡೂರಿನಲ್ಲಿ ನಡೆದ ಫುಟ್‌ಬಾಲ್ ಫೈನಲ್ ಅದು. ಈ ಊರಿನಲ್ಲೇ ಹುಟ್ಟಿ ಬೆಳೆದವರು ಮಾತ್ರ ಆಡಬೇಕೆಂಬುದು ನಿಯಮ. ಆದರೆ ಎದುರು ತಂಡದ ಮಿಡ್‌ಫೀಲ್ಡರನ್ನು, ನಾನು ಕೆಲಸಕ್ಕೆಂದು ಇಲ್ಲಿಗೆ ಬಂದ ಎಂಟು ವರ್ಷಗಳಲ್ಲಿ ಎಂದೂ ನೋಡಿರಲಿಲ್ಲ. ಮಿಕ್ಕವರೆಲ್ಲ ಬರಿಗಾಲಲ್ಲಿದ್ದರೆ ಅವನೊಬ್ಬನ ಕಾಲಲ್ಲಿ ಬೂಟು. ಬೆಂಗಳೂರಿನ ಕ್ಲಬ್ಬಿನಲ್ಲಿ ಸಂಬಳಕ್ಕೆ ಆಡುತ್ತಾನಂತೆ.

"ಯಾವೂರಪ್ಪಾ ನಿಂದು?" ಎಂದು ತಡೆದು ಕೇಳಿದೆ.

"ಇದೇ ಊರು ಕಣಣ್ಣ. ಕ್ಲಬ್ ಸೇರಿ ಹತ್ತು ವರ್ಷ ಆಯ್ತು. ರಜಕ್ಕೆ ಬಂದಿದೀನಿ."

ಯಾರೋ ಹೇಳಿಕೊಟ್ಟ ಮಾತು ಅನ್ನಿಸಿತು. ಬಾಡಿಗೆ ಆಟಗಾರರನ್ನು ಕರೆಸಿ ಊರಿನವರೆಂದು ನಿಲ್ಲಿಸುವ ಆಟ ನನಗೆ ಹೊಸದೇನಲ್ಲ.

ಅಷ್ಟರಲ್ಲಿ ಎಲ್ಲರೂ ಮೈದಾನಕ್ಕಿಳಿದರು. ಅಲ್ಲಿ ನೆಗ್ಗಿಲು ಮುಳ್ಳು ಬಹಳ. ಆಟಕ್ಕೆ ಮುಂಚೆ ಒಂದೊಂದೇ ಕಾಲನ್ನು ಮಂಡಿಯವರೆಗೆ ಎತ್ತಿ, ಅಂಗಾಲನ್ನು ಅಂಗೈಯಿಂದ ಸವರಿ ಮುಳ್ಳು ಉದುರಿಸುವುದು ಅಲ್ಲಿ ಆಡಿ ಬೆಳೆದವರ ಅಭ್ಯಾಸ. ಹುಡುಗರೆಲ್ಲ ಸವರಿಕೊಂಡರು. ಚೆಂಡಿನ ಮೇಲೆ ಕಣ್ಣಿಟ್ಟಿದ್ದ ಅವನೂ ತನಗರಿವಿಲ್ಲದೆ ಕಾಲೆತ್ತಿ, ಬೂಟಿನ ಅಡಿಯನ್ನು ಅಂಗೈಯಿಂದ ಸವರಿದ. ಮೊದಲು ಎಡಗಾಲು, ಆಮೇಲೆ ಬಲಗಾಲು.

ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಅವನೊಬ್ಬನಿಂದಲೇ ನಾವು ಸೋತೆವು. ನಾನು ಅನುಮಾನದ ಪ್ರಾಣಿ, ಇಂದಿಗೂ ಯಾರನ್ನೂ ಬೇಗ ನಂಬುವವನಲ್ಲ. ಆದರೆ ಅಂದಿನಿಂದ, ಮನುಷ್ಯ ಯಾವೂರಿನವನೆಂದು ತಿಳಿಯಲು ಅವನ ಬಾಯಿ ನೋಡುವುದನ್ನು ಬಿಟ್ಟಿದ್ದೇನೆ.