ಹಗ್ಗದ ಗೆರೆಯ ಇಳಿಜಾರು

ಆಗೆಲ್ಲ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಗಳಲ್ಲಿ ಲಾಡ್ಜೆಂದರೆ ಒಂದು ಮಂಚ, ಒಂದು ಬಕೆಟ್ಟು, ಅಂಗಿ ತೂಗುಹಾಕಲು ಗೋಡೆಯಲ್ಲಿ ಒಂದು ಮೊಳೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಒಂಬತ್ತು ವರ್ಷ. ಯಾದಗಿರಿ ಕಡೆಯಿಂದ ಬಂದ ನಾವು ಹಲಸೂರಿನ ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ಅಪ್ಪ ಗಾರೆ ಮೇಸ್ತ್ರಿ. ಬೇಸಿಗೆ ರಜೆಯಲ್ಲಿ ಅವ್ವನೂ ಕೆಲಸಕ್ಕೆ ಹೋದರೆ ನನ್ನನ್ನು ನೋಡಿಕೊಳ್ಳುವವರಿರಲಿಲ್ಲ. ಹಾಗಾಗಿ ರೊಟ್ಟಿ ಗಂಟಿನ ಜೊತೆ ನಾನೂ ಒಂದು ಗಂಟಾಗಿ ಅಪ್ಪನ ಹಿಂದೆ ಹೋಗುತ್ತಿದ್ದೆ.

ಆ ಬೇಸಿಗೆ ಅಪ್ಪ ರಹೀಮ್ ಸಾಹೇಬರ ಲಾಡ್ಜಿನಲ್ಲಿ ನೆಲ ಸರಿ ಮಾಡುತ್ತಿದ್ದ. ಕೆಂಪು ಸಿಮೆಂಟಿನ ನೆಲ ಹಾಕುವುದರಲ್ಲಿ ಅವನದು ಎತ್ತಿದ ಕೈ. ತಿಕ್ಕಿ ತಿಕ್ಕಿ, ಕೊನೆಗೆ ಕೊಬ್ಬರಿ ಎಣ್ಣೆ ಸವರಿ ಎದ್ದು ನಿಂತು, "ಇದರಾಗ ಮಾರಿ ನೋಡ್ಕೊಂಡು ತಲಿ ಹಿಕ್ಕೋಬೇಕು" ಎನ್ನುತ್ತಿದ್ದ. ಜಂಬವೆಂದರೆ ಜಂಬ. ಪಕ್ಕದ ಬೇಕರಿಯ ಬನ್ನಿನ ವಾಸನೆಯೂ ಅಪ್ಪನ ಒದ್ದೆ ಸಿಮೆಂಟಿನ ವಾಸನೆಯೂ ಬೆರೆತು ಬರುತ್ತಿತ್ತು.

ಅಲ್ಲಿಗೆ ಚಿಂತಾಮಣಿಯ ಸರೋಜಾ ಮೇಡಂ ಬಂದರು. ಶಾಲಾ ಟೀಚರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಕಾಲು ಸೋತಿದ್ದವು, ಗಾಲಿ ಕುರ್ಚಿಯಲ್ಲೇ ಓಡಾಟ. ಎರಡು ರಸ್ತೆ ಆಚೆ ಒಂದು ತಿಂಗಳ ಕಂಪ್ಯೂಟರ್ ಕ್ಲಾಸು. ಒಬ್ಬರೇ ಊರು ಬಿಟ್ಟು ಇರಬೇಕೆಂದು ಹಟ ಹಿಡಿದು ಬಂದಿದ್ದರು. ಬಿಡಲು ಬಂದಿದ್ದ ತಮ್ಮ ಲಾಡ್ಜಿನ ಬಾಗಿಲಲ್ಲೇ ನಿಂತುಬಿಟ್ಟ. ಎರಡು ಮೆಟ್ಟಿಲು.

"ದಿನಾ ನಿನ್ನ ಎತ್ತೋರು ಯಾರಕ್ಕ? ನಡಿ ಊರಿಗೆ."

"ನಾನು ಇಳಿಜಾರು ಮಾಡಿಸ್ಕೊಡ್ತೀನಿ ಸಾರ್, ಭಾನುವಾರದೊಳಗೆ" ಎಂದರು ಸಾಹೇಬರು. ಕುರ್ಚಿ ಹೋಗಲೆಂದು ಬಚ್ಚಲಿನ ಬಾಗಿಲು ಕಿತ್ತು ಪರದೆಯನ್ನೂ ಕಟ್ಟಿಸಿದರು.

"ಭಾನುವಾರದವರೆಗೆ ನೋಡ್ತೀನಿ. ಆಗಲಿಲ್ಲ ಅಂದ್ರೆ ವಾಪಸ್ಸು" ಎಂದ ತಮ್ಮ.

ಅಲ್ಲಿಯವರೆಗೆ ಅವನೇ ಮೇಡಂ ಅವರನ್ನು ಎತ್ತಿ ಹತ್ತಿಸಿ ಇಳಿಸುತ್ತಿದ್ದ. ಎತ್ತುವಾಗೆಲ್ಲ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. 

ನಾನು ಜಗುಲಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ಏನು ಆಟ ಎಂದು ಅವರು ಕೇಳಿದಾಗ ಹೆಸರು ಹೇಳಲು ನಾಲಿಗೆ ಏಳಲಿಲ್ಲ. ಮೇಡಂ ನಕ್ಕು, "ಕುಂಟೆಬಿಲ್ಲೆ ಅಲ್ವಾ? ಕೊಡಿಲ್ಲಿ, ಬಿಲ್ಲೆ ನಾನು ಎಸೀತೀನಿ, ಕುಂಟೋದು ನಿನ್ ಕೆಲ್ಸ" ಎಂದರು. ಅವರ ಗುರಿ ಒಮ್ಮೆಯೂ ತಪ್ಪಲಿಲ್ಲ. ಅಪ್ಪನ ರೊಟ್ಟಿಯಲ್ಲಿ ಅರ್ಧ, ಶೇಂಗಾ ಚಟ್ನಿಯಲ್ಲಿ ಮುಕ್ಕಾಲು ಪಾಲು ಅವರ ಪಾಲಾಯಿತು.

ಅಪ್ಪನಂತೂ ಊಟ ನಿದ್ದೆ ಮರೆತ. ಗೋಡೆಗುಂಟ ಹನ್ನೆರಡು ಅಡಿ ಉದ್ದದ ಇಳಿಜಾರು. ನಮ್ಮೂರಲ್ಲಿ ಎಮ್ಮೆ ಕೊಟ್ಟಿಗೆಗೆ ಇಳಿಜಾರು ಮಾಡುವಾಗ ಹಸಿ ಸಿಮೆಂಟಿನ ಮೇಲೆ ತೆಂಗಿನ ಹಗ್ಗ ಒತ್ತಿ ಅಡ್ಡಗೆರೆ ಎಳೆಯುತ್ತಿದ್ದ, ಗೊರಸು ಜಾರದ ಹಾಗೆ. ಇಲ್ಲೂ ಹಗ್ಗ ಒತ್ತುತ್ತೀಯಾ ಎಂದು ಕೇಳಿದೆ.

"ಹುಚ್ಚಿ, ಅದು ದನಕ್ಕ. ಟೀಚರಮ್ಮಗ ಅಂಥಾದ್ದು ಮಾಡಿದ್ರ ಮಂದಿ ಏನಂದಾರು?" ಎಂದು ಗದರಿ, ಕೆಂಪು ಪುಡಿ ಕಲಸಿದ. ಟೀಚರಮ್ಮನಿಗೆ ಕೊಡುವ ಮರ್ಯಾದೆಯೆಂದು ಇಡೀ ಇಳಿಜಾರನ್ನು ತಿಕ್ಕಿ ಎಣ್ಣೆ ಸವರಿದ. ಸಾಹೇಬರು, "ಅರೆ ಮೇಸ್ತ್ರಿ, ಐನಾನೇ ಮಾಡ್ಬಿಟ್ಟೆಯಲ್ಲೋ" ಎಂದು ಬೆನ್ನು ತಟ್ಟಿದರು. ಅದರಲ್ಲಿ ನನ್ನ ಮುಖವೂ ಕಂಡಿತು.

ಭಾನುವಾರ ಬೆಳಿಗ್ಗೆ ಮೇಡಂ ಇಳಿಜಾರು ಹತ್ತಲು ಹೊರಟರು. ಅರ್ಧ ಹತ್ತಿದ್ದರೋ ಇಲ್ಲವೋ, ಗಾಲಿ ಸರ್ರನೆ ಜಾರಿ ಕುರ್ಚಿ ಹಿಂದಕ್ಕೆ ಬಂತು. ತಮ್ಮ ಓಡಿ ಬಂದು ಹಿಡಿದ.

"ಸಾಕು. ಬ್ಯಾಗ್ ತರ್ತೀನಿ, ಹೋಗೋಣ" ಎಂದ.

ಅಪ್ಪ ಕರಣಿ ಹಿಡಿದುಕೊಂಡೇ ನಿಂತಿದ್ದ. ಅಷ್ಟು ಸಣ್ಣವನಾಗಿ ಅವನು ಯಾವತ್ತೂ ಕಂಡಿರಲಿಲ್ಲ. ಸಂಕಟ ತಡೆಯದೆ ನಾನು ಬಾಯಿಬಿಟ್ಟೆ:

"ಅಪ್ಪಾ, ಎಮ್ಮಿಗೆ ಮಾಡಿದ್ದು ಜಾರ್ತಿರಲಿಲ್ಲ."

ಅಪ್ಪ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದ. ಮೇಡಂ ಏನದು ಎಂದು ಕೇಳಿ, ಹಗ್ಗದ ವಿಚಾರವನ್ನೆಲ್ಲ ನನ್ನಿಂದ ಬಿಡಿಸಿ ಬಿಡಿಸಿ ಹೇಳಿಸಿಕೊಂಡರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಮೇಸ್ತ್ರಿಗಳೇ, ಎಮ್ಮೆಗೆ ಮಾಡಿದ್ದನ್ನೇ ನನಗೂ ಮಾಡ್ಕೊಡಿ. ಮರ್ಯಾದೆ ಬೇಡ, ಮೇಲಕ್ಕೆ ಹೋಗ್ಬೇಕು ಅಷ್ಟೇ."

ತಮ್ಮನಿಗೆ, "ಇನ್ನೊಂದು ವಾರ ಕೊಡೋ" ಎಂದರು. ಅವನು ಗೊಣಗುತ್ತಲೇ ಒಪ್ಪಿದ.

ಅಪ್ಪ ಉಳಿ ಸುತ್ತಿಗೆ ಹಿಡಿದು ತನ್ನದೇ ಹೊಳಪನ್ನು ಕೆತ್ತಿ ತೆಗೆದ. ಮರುದಿನ ಹೊಸ ಗಾರೆ ಎಳೆದು, ಹಗ್ಗದ ಒಂದು ತುದಿ ನನಗೆ ಕೊಟ್ಟು, ಗೇಣಿಗೊಂದರಂತೆ ಗೆರೆ ಒತ್ತಿದ. ನೋಡಲು ಒರಟೊರಟಾಗಿತ್ತು. ಐದು ದಿನ ನೀರು ಹಾಕುವ ಕೆಲಸ ನನ್ನದಾಯಿತು.

ಮತ್ತೆ ಭಾನುವಾರ. ತಳ್ಳಲೆಂದು ನಾನು ಓಡಿದೆ. ಮೇಡಂ ಬೇಡವೆಂದು ಕೈ ಎತ್ತಿದರು. ಗಾಲಿ ಒಂದೊಂದೇ ಗೆರೆ ಹಿಡಿದು, ಟಕ್ ಟಕ್ ಎನ್ನುತ್ತ ಮೇಲೆ ಹೋಯಿತು. ಅಲ್ಲೇ ತಿರುಗಿ ಇಳಿದು ಬಂದರು, ಮತ್ತೆ ಹತ್ತಿದರು. ಮೂರು ಸಲ. ಕಣ್ಣು ತೆರೆದೇ ಇತ್ತು. ತಮ್ಮ ಅವತ್ತೇ ಸಂಜೆಯ ಬಸ್ಸಿಗೆ ಊರಿಗೆ ಹೋದ, ಮೇಡಂ ತಿಂಗಳು ಪೂರ್ತಿ ಉಳಿದರು.

ಆ ಲಾಡ್ಜು ಈಗಿಲ್ಲ. ಕೆಡವುವಾಗ ಇಳಿಜಾರು ಒಡೆಯಲು ಭಾರೀ ಕಷ್ಟವಾಯಿತಂತೆ, ಅದನ್ನು ಕೇಳಿ ಅಪ್ಪ ಹಿಗ್ಗಿದ. ಸಾಹೇಬರೂ ಇಲ್ಲ. ಬಂದವರನ್ನು ನಿಮಗೆ ಹೇಗೆ ಬೇಕು ಎಂದು ಬಾಗಿಲಲ್ಲೇ ನಿಂತು ಕೇಳುವ ಮಾಲೀಕರು ಈಗ ಎಲ್ಲಿದ್ದಾರೋ. ಅಪ್ಪ ಕರಣಿ ಕೆಳಗಿಟ್ಟು ವರ್ಷಗಳಾದವು. ಮಂಡಿ ಸೋತು ಕೋಲು ಬಂದಿದೆ.

ಮೊನ್ನೆ ಇಂದಿರಾನಗರದ ಹೋಟೆಲೊಂದಕ್ಕೆ ಮದುವೆಗೆಂದು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಗ್ರಾನೈಟಿನ ಇಳಿಜಾರು ಮಿರಮಿರ ಮಿಂಚುತ್ತಿತ್ತು. ಅಪ್ಪ ಕೋಲಿನ ತುದಿಯಿಂದ ಅದನ್ನು ಉಜ್ಜಿ ನೋಡಿ, ಮುಂದೆ ಹೆಜ್ಜೆ ಇಡಲಿಲ್ಲ. ಮ್ಯಾನೇಜರ್ ಹುಡುಗಿ ಓಡಿ ಬಂದು, "ಏನಾಯ್ತು ಅಂಕಲ್?" ಎಂದಳು.

"ನಾನೂ ಒಮ್ಮೆ ಇದೇ ತಪ್ಪು ಮಾಡೀನವ್ವ" ಎಂದ ಅಪ್ಪ.

ಅವಳು ನಗಲಿಲ್ಲ. "ಹಾಗಾದ್ರೆ ಹೇಗೆ ಸರಿ ಮಾಡ್ಬೇಕು, ಹೇಳ್ಕೊಡ್ತೀರಾ?" ಎಂದು ಕೇಳಿದಳು.

ಅಪ್ಪ ನನ್ನ ಮುಖ ನೋಡಿದ. ಎಷ್ಟೋ ವರ್ಷದ ಮೇಲೆ ಬೆನ್ನು ನೆಟ್ಟಗಾಯಿತು.

"ಮೊದಲ ಒಂದು ಹಗ್ಗ ತರಸು" ಎಂದ.