ಕೆಲಸ ಬಿಟ್ಟ ಕಾರಣ

ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಅವರನ್ನು ಕೆಲಸ ಹುಡುಕುವವರೆಲ್ಲ ಕರೆಯುತ್ತಿದ್ದುದು ರೆಸ್ಯೂಮೆ ಮೇಷ್ಟ್ರು ಎಂದೇ. ಯಾರು ಏನು ಬರೆದುಕೊಂಡು ಬಂದರೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮೊದಲು ಅರ್ಧಕ್ಕರ್ಧ ಕಿತ್ತುಹಾಕುತ್ತಿದ್ದರು. “ಹವ್ಯಾಸ ಕ್ರಿಕೆಟ್ ನೋಡೋದಾ? ನೋಡೋಕೆ ಸಂಬಳ ಕೊಡ್ತಾರೇನಪ್ಪಾ? ಎತ್ತರ, ತೂಕ ಯಾಕಮ್ಮಾ, ಅವರೇನು ನಿನಗೆ ಬಟ್ಟೆ ಹೊಲಿಸ್ತಾರಾ? ಮಾಡಿದ ಕೆಲಸ ಎದೆ ತಟ್ಟಿ ಬರೀರಿ, ಮನೆ ವಿಷಯ ಮನೇಲಿರಲಿ!” ಕಾಗುಣಿತದ ತಪ್ಪು ಕಂಡರಂತೂ ಹಲ್ಲುನೋವು ಬಂದವರಂತೆ ಮುಖ ಹಿಂಡುತ್ತಿದ್ದರು. ಒಂದು ಮಧ್ಯಾಹ್ನ ಮೇಷ್ಟ್ರ ಹೆಂಡತಿಯೇ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. “ಆಸ್ಪತ್ರೇಲಿ ನರ್ಸ್ ಕೆಲಸ ಖಾಲಿ ಇದೆಯಂತೆ, ನಂದೂ ಒಂದು ಮಾಡಿಕೊಡಿ.” ಹೆಸರು, ಓದು, ಮದುವೆಯ ಹೊಸತರಲ್ಲಿ ಮಾಡುತ್ತಿದ್ದ ನರ್ಸ್ ಕೆಲಸ, ಎಲ್ಲ ಸರಾಗವಾಗಿ ಬಂತು. “ಆಮೇಲೆ?” ಎಂದು ಮೇಷ್ಟ್ರು ಅಭ್ಯಾಸಬಲದಿಂದ ಕೇಳಿಬಿಟ್ಟರು. “ಆಮೇಲೆ ನಿಮ್ಮಪ್ಪ ಹಾಸಿಗೆ ಹಿಡಿದ್ರಲ್ಲ,” ಎಂದರು ಆಕೆ ಮೆಲ್ಲಗೆ. ಹಿಂದೆ ನಿಂತಿದ್ದ ಗಿರಾಕಿಗಳು ಕಿವಿ ನಿಮಿರಿಸಿದರು. ಅಪ್ಪನನ್ನು ನೋಡಿಕೊಳ್ಳಲು ಕೆಲಸ ಬಿಡು ಎಂದು ಹಟ ಹಿಡಿದವರು ಮೇಷ್ಟ್ರೇ. ‘ಹಾಸಿಗೆ ಹಿಡಿದ ರೋಗಿಗೆ ಹನ್ನೊಂದು ವರ್ಷ ಹಗಲಿರುಳು ಶುಶ್ರೂಷೆ’ ಎಂದು ಟೈಪು ಮಾಡಿದರು. ಹಿಂದಿನ ಕೆಲಸ ಬಿಟ್ಟ ಕಾರಣದ ಮುಂದೆ ‘ಗಂಡನ ಹಟ’ ಎಂದು ಬರೆದು, ತಲೆ ತಗ್ಗಿಸಿ ಕೂತುಬಿಟ್ಟರು. ಆಕೆ ಬಗ್ಗಿ ಓದಿದರು. “ಅದೊಂದು ಬೇಡ. ನಿಮ್ಮ ಮರ್ಯಾದೆ ಯಾಕೆ ನಾಲ್ಕು ಜನರ ಮುಂದೆ ಹೋಗ್ಬೇಕು?” ಅಳಿಸಲು ಮೇಷ್ಟ್ರ ಬೆರಳು ಏಳಲಿಲ್ಲ, ಕೊನೆಗೆ ಆಕೆಯೇ ಕೈ ಚಾಚಿ, ಒಂದೊಂದೇ ಅಕ್ಷರ ಅಳಿಸಿದರು.